ಏಳನೆಯವರು

ಹತ್ತೊಂಬತ್ತು ವರ್ಷ ಹುಣ್ಣು ತೊಳೆದು
ಪಟ್ಟಿ ಕಟ್ಟಿದ ಕೈ ಇದು.
ಗ್ರಿಮ್ಸ್‌ಬಿಯ ಒಂದೊಂದು ಮನೆಯ ಮೆಟ್ಟಿಲೂ
ನನ್ನ ಮೊಣಕಾಲಿಗೆ ಗೊತ್ತು.
ಈಗ ಮಂಗಳವಾರ ಸಂಜೆ ನಾನೂ ವಿದ್ಯಾರ್ಥಿನಿ.
ಮೊದಲ ಪಾಠ:
ಕೈ ಕಟ್ಟಿ ಕೂರಿ.

ನೋವೆಷ್ಟು, ಒಂದರಿಂದ ಹತ್ತರೊಳಗೆ ಹೇಳಿ
ಎನ್ನುವುದು ನನಗೆ ಬಾಯಿಪಾಠ.
ಇಲ್ಲಿ ಅದು ಪ್ರಶ್ನೆಯೇ ಅಲ್ಲವಂತೆ.
ನಿನ್ನೆಯ ದಿನ ಹೇಗೆ ಕಳೆಯಿತು
ಎಂದು ಕೇಳಿ ಸುಮ್ಮನಾಗಬೇಕಂತೆ.
ಸುಮ್ಮನಾಗುವುದು!
ಹದಿನೈದು ನಿಮಿಷಕ್ಕೊಂದು ಮನೆ ಮುಗಿಸುವವಳು!

ಏಳನೆಯವರ ಮನೆ ಹಳೆಯ ಮೀನುಧಕ್ಕೆಯ ಹಿಂದೆ.
ಐಸ್‌ಲ್ಯಾಂಡಿನ ಕಡಲಲ್ಲಿ ಬಲೆ ಎಳೆದವರಿಗೆ
ಈಗ ಆಮ್ಲಜನಕದ ನಳಿಗೆ ಎಷ್ಟುದ್ದವೋ ಲೋಕ ಅಷ್ಟುದ್ದ:
ಕುರ್ಚಿ, ಕೆಟಲ್, ಕಕ್ಕಸು.
ಒಪ್ಪಿಗೆ ಪತ್ರ ಓದಿ ಹೇಳಿದೆ,
ನಿಮ್ಮ ಹೆಸರು ಮರೆಸುತ್ತೇವೆ, ಬೇರೊಂದು ಆರಿಸಿಕೊಳ್ಳಿ.
'ಯಾಕೆ? ನಾನೇನು ಕದ್ದಿದ್ದೀನಾ?
ನಂದೇ ಹಾಕಮ್ಮ. ಹಡಗಿನ ಪಟ್ಟಿಯಲ್ಲೂ ಅದೇ ಇತ್ತು.'
ನೀತಿ ಸಮಿತಿ ಒಪ್ಪುವುದಿಲ್ಲ ಎಂದೆ.
ಸಮಿತಿಗೆ ಅವರಿಟ್ಟ ಹೆಸರನ್ನು
ಇಲ್ಲಿ ಬರೆಯಲಾರೆ.

ನಲವತ್ತೆರಡು ನಿಮಿಷದ ಧ್ವನಿ,
ಬರೆದಿಳಿಸಲು ಮೂರು ರಾತ್ರಿ.
ಕೇಳು, ನಿಲ್ಲಿಸು, ಹಿಂದಕ್ಕೆ ಹೋಗು, ಮತ್ತೆ ಕೇಳು.
ಕೆಮ್ಮನ್ನು ಬರೆಯುವುದು ಹೇಗೆ?
ಕಂಸ ಹಾಕಿ ಅದರೊಳಗೆ ಕೂಡಿಬಿಟ್ಟರಾಯಿತೇ?
ಒಂದು ಕೆಮ್ಮು ನಗುವಾಗಿ ಶುರುವಾಗಿತ್ತು.

ನಾಲ್ಕನೆಯ ನಿಮಿಷದಲ್ಲಿ ಅವರು:
'ರಾತ್ರಿ ಹೊತ್ತು, ನೋಡು, ಆ ಮೆಟ್ಟಿಲ ಕೆಳಗೆ ಕೂತು ನಾನು—'
ಅಷ್ಟರಲ್ಲಿ ಯಾರೋ ಹೆಂಗಸು:
'ಇನ್‌ಹೇಲರ್ ಸರಿಯಾಗಿ ತಗೊಳ್ತಿದ್ದೀರಾ?'
ಚುರುಕು ದನಿ, ಕೆಟ್ಟದ್ದೇನಲ್ಲ,
ಕಾರು ಚಾಲೂ ಇಟ್ಟು ಬಂದವರ ದನಿ.
ಯಾರಪ್ಪಾ ಇವಳು ಅಂದುಕೊಂಡೆ,
ಒಂದು ಕ್ಷಣ, ನಿಜವಾಗಿ.
'ಹೂಂ, ತಗೊಳ್ತೀನಿ.'
ಮೆಟ್ಟಿಲ ಮಾತು ಅಲ್ಲಿಗೇ ಹೋಯಿತು.

ಹಳದಿ ಚೀಟಿಗಳು ಊಟದ ಮೇಜಿನ ತುಂಬ:
ಹೊಂದಾಣಿಕೆ, ಒಂಟಿತನ, ಔಷಧಪಾಲನೆ.
ಟ್ಯಾಮ್ಸಿನ್ ತಟ್ಟೆ ಹಿಡಿದು ನಿಂತಳು,
ಎಲ್ಲಿಡಲಿ ಅಮ್ಮ?
ಒಂಟಿತನದ ಮೇಲಿಡು, ಪರವಾಗಿಲ್ಲ ಎಂದೆ.
ಇವತ್ತಿಗೂ ಆ ಚೀಟಿಯಲ್ಲಿ ಮೀನಿನ ಎಣ್ಣೆ.

'ನಾನು ಚೆನ್ನಾಗೇ ಇದ್ದೀನಮ್ಮ' ಎಂದು
ಹನ್ನೊಂದು ಸಲ ಅಂದಿದ್ದಾರೆ.
ಹನ್ನೊಂದನ್ನೂ ಹೊಂದಾಣಿಕೆಯ ಕೆಳಗೆ ಅಂಟಿಸಿ
ಒಲುರೆಮಿ ಮೇಡಂಗೆ ತೋರಿಸಿದೆ, ಹೆಮ್ಮೆಯಿಂದ.
ಅವರು ಕಾಗದ ನೋಡಲಿಲ್ಲ. ಧ್ವನಿ ಹಾಕಿ ಎಂದರು.
ಮೂರನೆಯದು: ಆ ವಿಷಯ ಬಿಡು.
ಆರನೆಯದು ನನಗೇ ಸಮಾಧಾನ,
ನನ್ನ ಪೆನ್ನು ಕೆಳಗೆ ಬಿದ್ದಾಗ.
ಕೊನೆಯದು, ಎದ್ದು ಹೋಗಮ್ಮ, ದಣಿದಿದ್ದೀನಿ.
ಉಳಿದವು ಇನ್ನೂ ಗೊತ್ತಿಲ್ಲ.

ಮಾರ್ಚಿಯಲ್ಲಿ ಮತ್ತೆ ಹೋದೆ.
ಮೆಟ್ಟಿಲ ಕೆಳಗೆ ಕೂರುತ್ತೀನಿ ಅಂದಿರಲ್ಲ, ಎಂದೆ.
ಕೈ ಕಟ್ಟಿದೆ. ತುಟಿ ಕಚ್ಚಿದೆ.
ಯಂತ್ರ ಗುರ್ರೆನ್ನುತ್ತಿತ್ತು, ಹೊರಗೆ ಕಡಲಕ್ಕಿ.
ಮೂವತ್ತೊಂದು ಸೆಕೆಂಡು, ಆಮೇಲೆ ಎಣಿಸಿದ್ದು.
'ಅಂದಿದ್ನಾ?' ಎಂದರು.
'ನಿಂಗೆ ಸಕ್ಕರೆ ಎಷ್ಟು?'

ಎರಡು, ಎಂದೆ.
ನಾನು ಸಕ್ಕರೆ ಬಿಟ್ಟು ಆರು ವರ್ಷ.
ಅವರು ಏಳಲಿ, ನಳಿಗೆ ಎಳೆದುಕೊಂಡು ನಿಧಾನವಾಗಿ
ನನಗೊಂದು ಚಹಾ ಮಾಡಲಿ ಎಂದು
ಕೂತೇ ಇದ್ದೆ.

ಪ್ರಬಂಧದಲ್ಲಿ ಆ ಸಾಲನ್ನು ಹಾಗೇ ಬಿಟ್ಟಿದ್ದೇನೆ,
'ಕೂತು ನಾನು—' ಅಲ್ಲಿಗೆ.
ಪರೀಕ್ಷಕರು ಪೆನ್ಸಿಲಿನಲ್ಲಿ ಸುತ್ತುಹಾಕಿ ಕೇಳಿದ್ದಾರೆ:
ವಾಕ್ಯ ಪೂರ್ತಿಯಾಗಿಲ್ಲವಲ್ಲ?