ಅಗ್ಗ, ಹಗ್ಗ

ಬಾಗಿಲು ತರಲು ಹೋಗಿದ್ದೆವು, ಒಂದೇ ಬಾಗಿಲು,
ಎಡಗಡೆಯದು.
ಬರುವಾಗ ಆ ಬಾಗಿಲಿಗಂಟಿಕೊಂಡು ಇಡೀ ಕಾರೇ ಬಂತು:
ಎಪ್ಪತ್ತಾರರ ಸಾಬ್, ಸಾಸಿವೆ ಬಣ್ಣ,
ಬಣ್ಣ ಉಳಿದ ಕಡೆಗಳಲ್ಲಿ.

ಮುನ್ನೂರು ಯೂರೋ, ಅಂದಳು ಔನೆ ಮುದುಕಿ,
ಕೊಟ್ಟಿಗೆಯ ಕದಕ್ಕೊರಗಿ.
ಅವರು ಹೋದಮೇಲೆ ಇದರೊಳಗೆ ಕೋಳಿ ಮೊಟ್ಟೆಯಿಡುತ್ತಿದ್ದವು,
ಈಗ ಕೋಳಿಗಳೂ ಇಲ್ಲ.
ಯಾಲ್ಮರಿ ಚೌಕಾಸಿ ಮಾಡಲಿಲ್ಲ.
ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತ,
ಹಸು ಗಬ್ಬವಾಗಿದೆಯೇ ಎಂದು ನೋಡುವವನ ಹಾಗೆ.
ನನಗಾಗಲೇ ಗೊತ್ತಾಯಿತು.

ಮನೆಯಲ್ಲಿ ಮೂರಿವೆ.
ಒಂದಕ್ಕೆ ಎಂಜಿನ್ನಿಲ್ಲ, ಒಂದಕ್ಕೆ ಕಾಗದವಿಲ್ಲ,
ಇನ್ನೊಂದು ಏನೆಂದೇ ನನಗೆ ತಿಳಿಯದು,
ಟಾರ್ಪಾಲಿನಡಿ ಮಲಗಿ ಎಂಟು ವರ್ಷವಾಯಿತು.
ಮೂಗಿಗಿಂತ ಮೂಗುತಿ ಭಾರ:
ಕಾರಿಗೆ ಇನ್ನೂರು, ಅದರ ಬ್ರೇಕಿಗೆ ನಾನೂರು.
ಸೌನಾದ ಮಾಡಿಗೆಂದು ಎತ್ತಿಟ್ಟ ದುಡ್ಡು
ಗೇರ್‌ಬಾಕ್ಸಾಗಿ ಬಂದು
ಇಡೀ ಚಳಿಗಾಲ ಊಟದ ಮೇಜಿನ ಮೇಲೆ ಕೂತಿತ್ತು.
ಉಪ್ಪು ಬೇಕಾದರೆ ಅದನ್ನು ಬಳಸಿ ಕೈ ಚಾಚಬೇಕು.

ಈ ಬೇಸಗೆಗೆ ಮುಗಿಸುತ್ತೇನೆ, ಅನ್ನುತ್ತಾನೆ.
ಜೂನಿನಲ್ಲಿ ಇಲ್ಲಿ ರಾತ್ರಿಯೇ ಆಗುವುದಿಲ್ಲವಲ್ಲ,
ಹಗಲು ಮುಗಿದರೆ ತಾನೆ ಕೆಲಸ ನಿಲ್ಲಿಸುವುದು?
ಜೂನ್ ಬರುತ್ತದೆ. ಸೊಳ್ಳೆಯೂ ಬರುತ್ತದೆ.

ಅಗ್ಗವೆಂದು ಹೋದವರಿಗೆ ಹಗ್ಗವೇ ಗತಿ.
ನೀಲಿ ನೈಲಾನಿನದು, ನಾಲ್ಕು ಮೀಟರು.
ಆ ತುದಿಗೆ ಅವನು, ವ್ಯಾನಿನಲ್ಲಿ, ಬಿಸಿಗಾಳಿ ಹಾಕಿಕೊಂಡು.
ಈ ತುದಿಗೆ ನಾನು,
ಸತ್ತ ಕಾರಿನ ಸ್ಟೀರಿಂಗು ಹಿಡಿದು.
ಹಿಲ್ಕಾ, ಹಗ್ಗ ಸಡಿಲಬಾರದು, ಅಂದ.
ಮೂವತ್ತೇಳು ವರ್ಷದಲ್ಲಿ
ಬಾಯಿಬಿಟ್ಟು ಅವನು ನನ್ನನ್ನು ಕೇಳಿದ್ದು ಇಷ್ಟೇ.

ಏಪ್ರಿಲ್. ಲಾಪುವಾದ ಬಯಲು.
ಕೊಳಕು ಹಿಮ, ಬೂದು ಕಣಜ, ಮತ್ತೆ ಬೂದು ಕಣಜ.
ನನ್ನ ಉಸಿರಿಗೇ ಗಾಜು ಮಂಜಾಗುತ್ತದೆ,
ಉಣ್ಣೆಗವುಸಲ್ಲಿ ಒರೆಸುತ್ತೇನೆ, ಅವನ ಕೆಂಪು ದೀಪ ಕಾಣುತ್ತದೆ,
ಮತ್ತೆ ಮಾಯ.
ತಳದಲ್ಲೊಂದು ತಟ್ಟೆಯಗಲದ ತೂತು.
ನನ್ನೆರಡು ಬೂಟುಗಳ ನಡುವೆ ಓಡುತ್ತಿದೆ ರಸ್ತೆ,
ಉಪ್ಪುನೀರು ಚಿಮ್ಮುತ್ತ, ಇಷ್ಟು ಹತ್ತಿರದಲ್ಲಿ
ರಸ್ತೆಯನ್ನು ನಾನೆಂದೂ ನೋಡಿರಲಿಲ್ಲ.

ಒಂದು ತಿರುವಿನಲ್ಲಿ ಸೀಟಿನಡಿಯಿಂದ
ಉರುಳಿಬಂತು ಮೊಟ್ಟೆ.
ಪಿಂಗಾಣಿಯದು. ಹುಸಿ ಮೊಟ್ಟೆ.
ಗೂಡಲ್ಲಿ ಇದೊಂದನ್ನು ಇಟ್ಟರೆ ಸಾಕು,
ಕೋಳಿ ನಂಬಿ ಬಂದು ಪಕ್ಕದಲ್ಲೇ ಕೂರುತ್ತದೆ.
ತೂತಿನಂಚಿಗೆ ಹೋಗಿ ತೂಗಿತು,
ಬೂಟಿನಿಂದ ತಡೆದೆ.
ಏಕೆ ತಡೆದೆನೋ.

ಆಮೇಲೆ ಯಾವಾಗ ಶುರುವಾಯಿತು ತಿಳಿಯದು:
ಕೈ ಸ್ಟೀರಿಂಗಿನ ಹಗುರವನ್ನು ಹಿಡಿಯಿತು,
ಮೂಗು ಹಳೆಯ ಎಣ್ಣೆ, ಒದ್ದೆ ಹುಲ್ಲು, ಗರಿಯ ವಾಸನೆಯನ್ನು.
ಡ್ಯಾಶ್‌ಬೋರ್ಡಿನ ಬಿರುಕು ಅಷ್ಟೇನೂ ದೊಡ್ಡದಲ್ಲ.
ತಳಕ್ಕೆ ತಗಡು ಹೊಡೆದರೆ,
ಈ ಬಾಗಿಲನ್ನು ಇದಕ್ಕೇ ಬಿಟ್ಟು
ಮನೆಯದಕ್ಕೆ ಬೇರೊಂದು ಹುಡುಕಿದರೆ...
ಹೀಗೆಂದವಳು ನಾನೇ, ಗಟ್ಟಿಯಾಗಿ,
ಕೇಳಲು ಯಾರೂ ಇಲ್ಲದ ಕಾರಿನಲ್ಲಿ.
ಕಂತೆಗೆ ತಕ್ಕ ಬೊಂತೆ ಎಂದು ನನ್ನತ್ತೆ ನಕ್ಕಿದ್ದಳು,
ಮದುವೆಯ ದಿನ, ಕಾಫಿ ಬಗ್ಗಿಸುತ್ತ.

ಆಗ ಕಂಡದ್ದು.
ಬರ್ಚ್ ಮರಗಳ ಸಂದಿಯಲ್ಲಿ ಹಸಿರು ಮೂತಿ,
ಮೊಣಕಾಲುದ್ದ ಹಿಮದಲ್ಲಿ ನಿಂತದ್ದು,
ಗಾಜಿನೊಳಗೆ ರಟ್ಟು: ನೂರೈವತ್ತು.
ಅವನು ನೋಡಲಿಲ್ಲ. ಅವನ ಕಣ್ಣು
ಕನ್ನಡಿಯಲ್ಲಿ, ಹಗ್ಗದ ಮೇಲೆ, ನನ್ನ ಮೇಲೆ.

ಹಾರ್ನಿಗೆ ಜೀವವಿಲ್ಲ. ದೀಪಕ್ಕೂ ಇಲ್ಲ.
ಈ ಕಾರಿನಲ್ಲಿ ಹಿಡಿಯುವುದು ಬ್ರೇಕೊಂದೇ.

ಹಗ್ಗ ಕುಂಯ್ಯೆಂದು ಬಿಗಿಯಿತು.
ವ್ಯಾನು ನಿಂತಿತು. ಯಾಲ್ಮರಿ ಟೋಪಿಯಿಲ್ಲದೆ ಓಡಿಬಂದ,
ಏನಾಯ್ತು ಹಿಲ್ಕಾ, ಏನಾಯ್ತು?

ನಾನು ಎಡಗಡೆಯ ಗಾಜು ಒರೆಸುತ್ತಿದ್ದೆ,
ಬೇಕಾದುದಕ್ಕಿಂತ ತುಸು ಹೆಚ್ಚೇ ಹೊತ್ತು.