ಪ್ರಶ್ನೆ ಏಳು

ನನಗೆ ಕೊಟ್ಟ ಸೂಚನೆ ಒಂದೇ:
ಸುಮ್ಮನೆ ಕೂಡಬೇಕು.
ಬೆರಳು ಎಲ್ಲಿ ನಿಂತಿತು, ಎಷ್ಟು ಸೆಕೆಂಡು,
ಬರೆದುಕೊಳ್ಳಬೇಕು. ಕೈ ಹಿಡಿದು ತೋರಿಸಬಾರದು.

ಶಹಾಬಾದಿನ ಈ ಓಣಿಯಲ್ಲಿ
ನೆಲ, ಗೋಡೆ, ಕಟ್ಟೆ, ಎಲ್ಲಾ ಪರಸಿ.
ಮೂವತ್ತು ವರ್ಷ ಅದಕ್ಕೆ ಪಾಲಿಶ್ ಹಿಡಿದ ಬೆರಳನ್ನು
ಲಾಲಬಿ ಟ್ಯಾಬಿನ ಮೇಲಿಟ್ಟಳು.
ಟ್ಯಾಬಿಗೆ ಗೊತ್ತೇ ಆಗಲಿಲ್ಲ.
ಸೆರಗಿಗೆ ಒರೆಸಿ ಒತ್ತಿದಳು.
"ಇದೂ ಕಲ್ಲೇ ಏನ್ರಿ?"
ಕೊನೆಗೆ ಗಿಣ್ಣಿನಿಂದ ಕುಟ್ಟಿದಳು, ಬಾಗಿಲು ಬಡಿದ ಹಾಗೆ.
ತೆರೆ ತೆರೆಯಿತು.
ಬರೆದೆ: ಮೊದಲ ಪುಟ, ಇಪ್ಪತ್ತೆಂಟು ಸೆಕೆಂಡು.

ಆರು ಪ್ರಶ್ನೆ ಹೇಗೋ ದಾಟಿದವು.
ಏಳನೆಯದನ್ನು ಟ್ಯಾಬು ತಾನೇ ಓದಿತು,
ವಾರ್ತೆ ಓದುವವರ ಕನ್ನಡದಲ್ಲಿ:
ನಿಮ್ಮ ನಿವಾಸದಲ್ಲಿ ಒಟ್ಟು ಎಷ್ಟು ಕೊಠಡಿಗಳಿವೆ?
"ಕೊಠಡಿ ಅಂದ್ರ ಖೋಲಿ ಏನ್ರಿ?"
ನಾನು ಪೆನ್ನಿನ ಮುಚ್ಚಳ ನೋಡಿದೆ.
ಅವಳು ತಿರುಗಿ ತನ್ನ ಮನೆಯನ್ನೇ ನೋಡಿದಳು,
ಬಾಡಿಗೆ ಕೇಳಲು ಬಂದವಳ ಹಾಗೆ.
ಹಗಲು ಒಂದು.
ರಾತ್ರಿ, ಮಗ ಸೊಸೆಗೆಂದು ಹಳೇ ಸೀರೆ ಇಳಿಬಿಟ್ಟರೆ, ಎರಡು.
"ಯಾವ ಹೊತ್ತಿಂದು ಹೇಳ್ಲಿ ಬಾಯಿ?"

ಕಾಗದದ ಕಾಲದಲ್ಲಿ ಅಂಚು ಅಂತ ಒಂದಿತ್ತು.
ವಾಡಿ, ಚಿತ್ತಾಪುರ, ಸೇಡಂ, ಎಲ್ಲಿ ಹೋದರೂ
ಚೌಕದಲ್ಲಿ ಹಿಡಿಸದ್ದನ್ನು ಅಲ್ಲಿ ಸಣ್ಣಗೆ ಗೀಚುತ್ತಿದ್ದೆ:
ಮಗಳು ಬಾಣಂತನಕ್ಕೆ ಬಂದಾಳ.
ನಳ ಅದ, ನೀರು ಮಂಗಳವಾರ.
ಒಮ್ಮೆ ಚಹಾ ಬಟ್ಟಲಿನ ಉಂಗುರ.
ಯಾರಾದರೂ ಓದಿದರೋ ಇಲ್ಲವೋ, ನಾನು ಕೇಳಲಿಲ್ಲ.
ಈ ಗಾಜಿಗೆ ಅಂಚಿಲ್ಲ.
ಒಂದು ಅಂಕಿ ಒತ್ತುವ ತನಕ
'ಮುಂದೆ' ಅನ್ನುವ ಗುಂಡಿ ಬೂದಿ ಬಣ್ಣ ಬಿಡುವುದಿಲ್ಲ.

ನಲವತ್ತು. ಐವತ್ತು. ಐವತ್ತೆಂಟು.
ಸೀರೆಯನ್ನೂ ಎಣಿಸವ್ವ, ಅನ್ನಬೇಕೆನಿಸಿತು.
ಅಥವಾ ಬೇಡ ಅಂತ. ನನಗೂ ಗೊತ್ತಿರಲಿಲ್ಲ.
ಒಳಗೆ ಕುಕ್ಕರ್ ಸೀಟಿ ಹೊಡೆಯಿತು, ಎದ್ದು ಹೋದಳು.
ತೆರೆ ಮಸುಕಾಯಿತು, ಮಲಗಿತು.
ಎಬ್ಬಿಸಿದರೆ ಗುಪ್ತಸಂಖ್ಯೆ ಕೇಳಿತು,
ನಮ್ಮನ್ನು ಎಂದೂ ಕಾಣದ ಹಾಗೆ.

ಕೈ ಒರೆಸುತ್ತ ಬಂದಳು. "ನಾ ಫೇಲ್ ಆದ್ನೇನ್ರಿ?"
"ಇಲ್ಲ ಲಾಲಬಿ. ಪರೀಕ್ಷೆ ನಿಮಗಲ್ಲ, ಇದಕ್ಕ."

ಬಗ್ಗಿ ಗಾಜಿನೊಳಗೆ ನೋಡಿದಳು,
ಮೊದಲ ದಿನ ಕೆಲಸಕ್ಕೆ ಬಂದ ಹುಡುಗನನ್ನು ನೋಡುವ ಹಾಗೆ.
"ಮೊದಲೇ ಹೇಳಬಾರದೇನ್ರಿ?
ಪಾಪ, ಹೊಸಾದು ಅದ, ಗಾಬರಿ ಆಗ್ಯದ.
ಇನ್ನೊಮ್ಮೆ ಕೇಳಲಿ ತಗೋರಿ,
ನಾ ಎಲ್ಲಿ ಹೋಗ್ತೀನಿ."