ಬಂದ್ಯೋಡಿನ ಗೋಡೆ

ಅವನು ಅಮೆರಿಕದ ಟೀಮಿಗೆ ಹೋದನಂತೆ.
ಕ್ಲಬ್ಬಿನ ಹುಡುಗರು ಬೆಳಗಾಗುವ ಮೊದಲೇ ಬಂದು
ಬಾಗಿಲು ಬಡಿದರು:
‘ಬಟ್ಯಣ್ಣಾ, ಜರ್ಸಿ ಬದಲಿಸ್ಬೇಕು.’

ಹನ್ನೊಂದು ವರ್ಷದ ಹಿಂದೆ ನಾನೇ ಬರೆದದ್ದು,
ರೇಷನ್ ಅಂಗಡಿಯ ಪಡು ಗೋಡೆಗೆ.
ಒಂದು ಕಾಲು ನೆಲದಲ್ಲಿ, ಇನ್ನೊಂದು ಸೊಂಟದೆತ್ತರ.
ಕಡಲಿನ ಗಾಳಿಗೆ ಚೆಂಡು ಹಕ್ಕಳೆಯಾಗಿ ಉದುರಿಹೋಗಿದೆ;
ಅವನು ಈಗಲೂ ಒದೆಯುತ್ತಿದ್ದಾನೆ.

ಏಣಿ ಹತ್ತಿದೆ. ಮೊಣಕಾಲು ಕಟಕ್ಕೆಂದಿತು.
ಉಪ್ಪಳದ ಸೆವೆನ್ಸಿನಲ್ಲಿ ಹೋದ ಕಾಲು ಅದು,
ಸೆಮಿಫೈನಲ್, ಟ್ಯೂಬ್‌ಲೈಟಿನ ಬೆಳಕು,
ಗೆದ್ದವರಿಗೆ ಒಂದು ಆಡು.
ಆಮೇಲೆ ಅಮೆರಿಕ ಬಿಡಿ,
ಕುಂಬಳೆಯಿಂದಲೂ ನನಗೆ ಕರೆ ಬರಲಿಲ್ಲ.

ಹಳೆಯ ನೀಲಿ ಸುಲಭಕ್ಕೆ ಸಾಯುವುದಿಲ್ಲ,
ಎರಡು ಕೋಟು ಹೊಡೆದರೂ ಕಂಕುಳಲ್ಲಿ ಇಣುಕುತ್ತದೆ.
ಹೆಗಲು ಮುಗಿಯಿತು. ನಂಬರೂ.
‘ಗಡ್ಡಕ್ಕೆ ಸ್ವಲ್ಪ ಬಿಳಿ ಹಾಕಲಾ?’ ಕೇಳಿದೆ.
ಹುಡುಗರು ಮುಖ ಮುಖ ನೋಡಿಕೊಂಡರು.
ಸಿನಾನ್, ಏಳನೇ ಕ್ಲಾಸು,
ಏಣಿ ಹಿಡಿದುಕೊಂಡೇ ಹೇಳಿದ:
‘ಬೇಡ, ಅಲ್ಲಿಯೂ ಓಡ್ಲಿಕ್ಕುಂಟಲ್ಲ.’

ಸರಿ ಎಂದೆ.
ಇಳಿಯುವ ಮೊದಲು ಚೆಂಡನ್ನೂ ಬರೆದೆ,
ಆಗ ಇದ್ದಲ್ಲಿಂದ
ನಾಲ್ಕು ಬೆರಳು ಕಾಲಿನ ಹತ್ತಿರಕ್ಕೆ.